ಎಕ್ಸ್‌ರೇ ಸರಿಯಿದೆ, ಕೈ ಮಾತ್ರ ನೋಯುತ್ತಿದೆ

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಪಿನಲ್ಲಿ ಏಣಿಯಿಂದ ಜಾರಿ, ಅಂಗೈ ಊರಿ ಬಿದ್ದೆ. ಎಕ್ಸ್‌ರೇಯಲ್ಲಿ ಏನೂ ಮುರಿದಿಲ್ಲ ಅಂದರು. 12 ದಿನ ಆಯ್ತು, ಬಾಟಲಿ ಮುಚ್ಚಳ ತಿರುಗಿಸಲೂ ಆಗುತ್ತಿಲ್ಲ. ನಾಟಿ ಕಟ್ಟು ಕಟ್ಟಿಸಲೇ?

ಉತ್ತರ: ಬೇಡ. ಹೆಬ್ಬೆರಳನ್ನು ಮೇಲಕ್ಕೆ ಚಾಚಿದರೆ ಅದರ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ ಅಲ್ವಾ, ಹಿಂದೆ ನಶ್ಯ ಹಾಕಿಕೊಂಡು ಏರಿಸುತ್ತಿದ್ದ ಜಾಗ, ಅಲ್ಲಿ ಒತ್ತಿದಾಗ ನೋವಾದರೆ ಸ್ಕ್ಯಾಫಾಯ್ಡ್ ಅನ್ನುವ ಗೋಡಂಬಿಯಂಥ ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ಮೂಳೆ ಡಾಕ್ಟರಿಗೆ ತೋರಿಸಿ, ಇನ್ನೊಂದು ಎಕ್ಸ್‌ರೇ ಅಥವಾ ಎಂಆರ್‌ಐ ಮಾಡಿಸಿ. ಇದಕ್ಕೆ ರಕ್ತ ಹರಿಯುವುದೇ ಕಮ್ಮಿ, ಕೂಡುವುದೂ ನಿಧಾನ. ಪ್ಲಾಸ್ಟರ್ ಹಾಕಿದರೆ 6ರಿಂದ 12 ವಾರ ಹಿಡಿಯುತ್ತದೆ, ಮೂಳೆ ಸರಿದಿದ್ದರೆ ಸ್ಕ್ರೂ ಬೇಕಾಗಬಹುದು. ಅಲ್ಲಿವರೆಗೆ ಸುಮ್ನೆ ಎಣ್ಣೆ ಹಚ್ಚಿ ಉಜ್ಜಬೇಡಿ.