ಓದುಗರ ಪ್ರಶ್ನೆ: ಎಲ್ಲರದ್ದೂ ಒಂದೇ ಕಾಫಿಪುಡಿ, ನಮ್ಮದನ್ನೇ ಏಕೆ ಕೊಳ್ಳಬೇಕು?

ಪ್ರಶ್ನೆ: ಆನ್‌ಲೈನ್‌ನಲ್ಲಿ ಕಾಫಿಪುಡಿ ಮಾರುತ್ತಿದ್ದೇನೆ. ನಾನು ಪುಡಿ ತರುವ ಕಡೆಯಿಂದಲೇ ಇನ್ನೂ ಏಳೆಂಟು ಮಂದಿ ತರುತ್ತಾರೆ. ಒಬ್ಬರು ಹತ್ತು ರೂಪಾಯಿ ಇಳಿಸಿದರೆ ಮಿಕ್ಕವರೂ ಇಳಿಸಬೇಕು. 250 ಗ್ರಾಂ ಪ್ಯಾಕೆಟ್ 220 ರೂ.ಗೆ ಕೊಡುತ್ತಿದ್ದೇನೆ. ಇನ್ನೂ ಇಳಿಸಲೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಇಳಿಸಬೇಡಿ. ಮೊದಲು ಒಂದು ಆರ್ಡರಿನ ಲೆಕ್ಕ ಬರೆಯಿರಿ. ಜಿಎಸ್‌ಟಿ ಬದಿಗಿಟ್ಟು, ಪುಡಿಗೆ 130, ಪೌಚು ಮತ್ತು ಲೇಬಲ್‌ಗೆ 9, ರಟ್ಟಿನ ಡಬ್ಬಕ್ಕೆ 12, ಕೊರಿಯರ್‌ಗೆ 48, ಮಾರಾಟ ತಾಣದ ಕಮಿಷನ್ ನೂರಕ್ಕೆ 8ರಂತೆ 17.60 ರೂ. ಎಂದು ಹಿಡಿಯೋಣ. ನಿಮ್ಮ ಅಂಕಿಗಳು ಬೇರೆ ಇರಬಹುದು, ಬಾಬ್ತುಗಳು ಮಾತ್ರ ಇವೇ. ಒಟ್ಟು 216.60. ಉಳಿಯುವುದು 3.40 ರೂ. ಇಪ್ಪತ್ತು ಪಾರ್ಸೆಲ್‌ಗಳಲ್ಲಿ ಒಂದು ವಾಪಸ್ ಬಂದರೂ ಹೋಗಿ ಬರುವ ಕೊರಿಯರ್ ಮತ್ತು ಡಬ್ಬ ಸೇರಿ 108 ರೂ. ಹೋಯಿತು. ಅದನ್ನು ಇಪ್ಪತ್ತಕ್ಕೆ ಹಂಚಿದರೆ ತಲಾ 5.40. ಅಂದರೆ ಈಗಾಗಲೇ ಪ್ಯಾಕೆಟ್ಟಿಗೆ 2 ರೂ. ಕೈಯಿಂದ ಹಾಕುತ್ತಿದ್ದೀರಿ. ನಿಮಗಿಂತ ಕಡಿಮೆಗೆ ಕೊಡುವವರಲ್ಲಿ ಎಷ್ಟೋ ಮಂದಿ ಈ ಲೆಕ್ಕವನ್ನೇ ಹಾಕಿರುವುದಿಲ್ಲ. ಅವರ ಹಿಂದೆ ಓಡಬೇಡಿ.

ಬದಲಾಯಿಸಬೇಕಾದ ಮೊದಲ ಸಂಗತಿ ಪ್ಯಾಕೆಟ್ಟಿನ ಅಳತೆ. ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಕೆ.ಜಿ.ಯ ಹಂತಗಳಲ್ಲಿ ದರ ಹಾಕುತ್ತಾರೆ. 250 ಗ್ರಾಂನ ಎರಡು ಪ್ಯಾಕೆಟ್ ಕಳಿಸಿದರೆ ಪೌಚು, ಡಬ್ಬ ಸೇರಿ 580 ಗ್ರಾಂ ಆಗಿ ಒಂದು ಕೆ.ಜಿ.ಯ ದರ ಬೀಳುತ್ತದೆ. 200 ಗ್ರಾಂನ ಎರಡು ಪೌಚು ಒಟ್ಟಿಗೆ ಮಾರಿ. ಎಲ್ಲ ಸೇರಿ 490 ಗ್ರಾಂ ಒಳಗೇ ಇರುತ್ತದೆ. ಗ್ರಾಂ ಲೆಕ್ಕದಲ್ಲಿ ಈಗಿನ ದರವನ್ನೇ ಇಟ್ಟರೂ 400 ಗ್ರಾಂಗೆ 352 ರೂ. ಖರ್ಚು: ಪುಡಿ 208, ಪೌಚು 18, ಡಬ್ಬ 12, ಕೊರಿಯರ್ 48, ಕಮಿಷನ್ 28. ಉಳಿಯುವುದು 38 ರೂ. ಬೆಲೆ ಒಂದು ಪೈಸೆಯೂ ಏರಿಸಿಲ್ಲ ನೋಡಿ!

ಡಬ್ಬದ ಅಳತೆಯ ಮೇಲೂ ಕಣ್ಣಿರಲಿ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ಹಲವು ಕೊರಿಯರ್‌ಗಳು ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ದುಡ್ಡು ಹಿಡಿಯುತ್ತವೆ. 25×20×10ರ ಡಬ್ಬ ಹಗುರವಾಗಿದ್ದರೂ ಒಂದು ಕೆ.ಜಿ. 20×15×8ರದ್ದು 480 ಗ್ರಾಂ. ಎರಡು ಪೌಚಿಗೆ ಅದು ಧಾರಾಳ ಸಾಕು.

ಇನ್ನು ಮಾಲಿನ ಮಾತು. ಪುಡಿಯನ್ನೇ ತರುವವರೆಗೂ ನಿಮ್ಮದು ಇನ್ನೊಬ್ಬರದರ ಹಾಗೇ ಇರುತ್ತದೆ. ಕ್ಯೂರಿಂಗ್ ವರ್ಕ್ಸ್‌ನಿಂದ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಹಸಿ ಬೀಜ, ಅಂದರೆ ಹುರಿಯದ ಬೀಜ, ತಂದು ಕೂಲಿಗೆ ಹುರಿಸಿ. ಹುರಿದಾಗ ನೂರಕ್ಕೆ 15ರಿಂದ 18ರಷ್ಟು ತೂಕ ಇಳಿಯುತ್ತದೆ. ನೂರಕ್ಕೆ 17 ಇಳಿಯಿತು ಎಂದುಕೊಂಡರೆ ಒಂದು ಕೆ.ಜಿ.ಗೆ 0.83 ಕೆ.ಜಿ. ಉಳಿಯುತ್ತದೆ. ಹಾಗಾಗಿ ಒಂದು ಕೆ.ಜಿ. ಬೀಜದ ಬೆಲೆ ಮತ್ತು ಹುರಿಗೂಲಿ ಕೂಡಿಸಿ 0.83ರಿಂದ ಭಾಗಿಸಿದರೆ ಅಸಲು ಸಿಗುತ್ತದೆ. ಇದನ್ನು ಮರೆತು ಹಸಿ ಬೀಜದ ದರಕ್ಕೇ ಲಾಭ ಸೇರಿಸಿ ಕೈಸುಟ್ಟುಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ. ಬೀಜದ ತೇವ ನೂರಕ್ಕೆ 12 ಮೀರಿದ್ದರೆ ಬೇಡವೆನ್ನಿ, ಬೂಸ್ಟು ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಮೂಟೆಯನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡಿ.

ಅರೇಬಿಕಾ ಪೀಬೆರಿ (ಕಾಯಿಗೆ ಒಂದೇ ಇರುವ ದುಂಡು ಬೀಜ) ನೂರಕ್ಕೆ 60, ರೋಬಸ್ಟಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ್ದು) 40 ಎಂದು ಒಂದು ಮಿಶ್ರಣ ಗೊತ್ತು ಮಾಡಿ, ಆರು ತಿಂಗಳು ಅದನ್ನೇ ಹಿಡಿಯಿರಿ. ಪ್ರತಿ ಲಾಟಿನಿಂದ 100 ಗ್ರಾಂ ಮಾದರಿ ತೆಗೆದಿಟ್ಟು, ಹೊಸ ಲಾಟು ಬಂದಾಗ ಎರಡರ ಡಿಕಾಕ್ಷನ್ನೂ ಒಟ್ಟಿಗೆ ಇಳಿಸಿ ರುಚಿ ನೋಡಿ. ವಾರಕ್ಕೊಂದೇ ದಿನ ಹುರಿಸಿ, ಹುರಿದ ತಾರೀಖನ್ನು ಪೌಚಿನ ಮುಂಭಾಗದಲ್ಲೇ ಅಚ್ಚು ಹಾಕಿ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತ ಪುಡಿ ಮಾರುವವರು ಅದನ್ನು ಹಾಕಲಾರರು. ನಿಮ್ಮ ನಿಜವಾದ ಬಲ ಅದೇ. ಹುರಿದ ಬೀಜ ಗಾಳಿ ಬಿಡುತ್ತಿರುತ್ತದೆ. ಒಂದು ದಿನ ಆರಲು ಬಿಟ್ಟು, ಒಳಗಿನ ಗಾಳಿ ಹೊರಹೋಗಲು ವಾಲ್ವ್ ಇರುವ ಪೌಚಿಗೆ ತುಂಬಿ. ಇಲ್ಲದಿದ್ದರೆ ಉಬ್ಬಿ ಹೊಲಿಗೆ ಬಿಡುತ್ತದೆ, ಗಿರಾಕಿ ಕೆಟ್ಟಿದೆ ಎಂದು ವಾಪಸ್ ಕಳಿಸುತ್ತಾರೆ. ಪುಡಿ ತೀರಾ ನಯವಾದರೆ ಫಿಲ್ಟರಿನ ತೂತು ಕಟ್ಟಿ ಡಿಕಾಕ್ಷನ್ ಇಳಿಯುವುದಿಲ್ಲ. ದೂರು ಬಂದರೆ ಮೊದಲು ಗಿರಣಿಯ ಹದ ನೋಡಿ.

ಬೇರೆಯವರ ಬ್ರ್ಯಾಂಡ್ ಮಾರಿದರೆ ಮಾರಾಟ ತಾಣದಲ್ಲಿ ಒಂದೇ ಪುಟದಡಿ ಎಲ್ಲ ಮಾರಾಟಗಾರರೂ ಸಾಲು ನಿಲ್ಲಬೇಕಾಗುತ್ತದೆ, ಅಲ್ಲಿ ಬೆಲೆಯದೇ ಜಗಳ. ಸ್ವಂತ ಹೆಸರು, ಟ್ರೇಡ್‌ಮಾರ್ಕ್, ಬಾರ್‌ಕೋಡ್ ಮಾಡಿಸಿ, ಫೋಟೊ ನೀವೇ ತೆಗೆಯಿರಿ. ಒಂದು ಎಚ್ಚರಿಕೆ: ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ, ಆ ಊರಿನ ಮಾಲಿಗೆ ಮಾತ್ರ ಸಲ್ಲುವ ಗುರುತು) ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಗುರುತು ಹಾಕಬೇಡಿ.

ಪ್ರಶ್ನೆ: ನಾವು ಮೂರ್ನಾಲ್ಕು ಜನ ಒಬ್ಬರೇ ಮಂಡಿಯವರಿಂದ ಕಾಳುಮೆಣಸು ತಂದು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಇದರಲ್ಲಿ ಬೇರೆಯಾಗಿ ಕಾಣಿಸಲು ದಾರಿ ಉಂಟೆ?
– ಓದುಗರು, ಸಕಲೇಶಪುರ

ಉತ್ತರ: ಉಂಟು, ಜರಡಿ ಹಿಡಿಯಬೇಕು. ಒಂದು ಲೀಟರ್ ಪಾತ್ರೆಗೆ ಮೆಣಸು ಸಮ ತುಂಬಿ ತೂಗಿ. 550 ಗ್ರಾಂ ಆಸುಪಾಸು ಬಂದರೆ ಗಟ್ಟಿ ಕಾಳು, 500ಕ್ಕಿಂತ ಕೆಳಗಿದ್ದರೆ ಜೊಳ್ಳು ಹೆಚ್ಚು. ಆಮೇಲೆ 4.25 ಮಿ.ಮೀ. ಜರಡಿಯಲ್ಲಿ ಆಡಿಸಿ. ಮೇಲೆ ನಿಂತ ದಪ್ಪ ಕಾಳನ್ನು 100 ಗ್ರಾಂ ಪೌಚಿನಲ್ಲಿ ಹೆಚ್ಚಿನ ಬೆಲೆಗೆ, ಕೆಳಗೆ ಬಿದ್ದದ್ದನ್ನು ಅಡುಗೆ ಮೆಣಸು ಎಂದು 250 ಗ್ರಾಂನಲ್ಲಿ ಮಾರಿ. ಪಪ್ಪಾಯಿ ಬೀಜ ಬೆರೆತಿರುವ ಅನುಮಾನವಿದ್ದರೆ ಒಂದು ಹಿಡಿಯನ್ನು ನೀರಿಗೆ ಹಾಕಿ. ಅದು ತೇಲುತ್ತದೆ. ಜೊಳ್ಳು ಕಾಳೂ ತೇಲುವುದರಿಂದ ತೇಲಿದ್ದನ್ನು ಕೈಗೆ ತೆಗೆದು ನೋಡಿ: ಪಪ್ಪಾಯಿ ಬೀಜ ಉದ್ದುದ್ದ, ಸುಕ್ಕು ಬೇರೆ ಥರ, ಕಡಿದರೆ ಮೆಣಸಿನ ಖಾರವಿಲ್ಲ. ಮಂಡಿಯವರಿಗೆ ಲೀಟರ್ ತೂಕವನ್ನು ಬರೆದು ಕೊಟ್ಟು ಮಾಲು ಕೇಳಿ. ಬಾಯಿಮಾತಿನಲ್ಲಿ ‘ಒಳ್ಳೆ ಮಾಲು’ ಎಂದರೆ ಮುಂದಿನ ಸಲ ಏನು ಬರುತ್ತದೋ ಹೇಳಲಾಗದು.

ಪ್ರಶ್ನೆ: ಕಾಫಿ ಪ್ಯಾಕೆಟ್ಟಿನ ಮೇಲೆ ಏನೇನು ಇರಬೇಕು?
– ಓದುಗರು, ಹಾಸನ

ಉತ್ತರ: ಮುಖ್ಯವಾಗಿ, ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ತಾರೀಖು, ದೂರು ಹೇಳಲು ಫೋನ್ ಸಂಖ್ಯೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾವಾರು ಹಾಕಲೇಬೇಕು. ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು, ಅದನ್ನು ಮೊದಲೇ ಮಾಡಿಸಿಕೊಳ್ಳಿ.