ಗಣೇಶ, ದಿನೇಶ ಮತ್ತು ನಮ್ಮ ಜಗಲಿ

ಗಣೇಶ ಬೀಡಿ, ದಿನೇಶ ಬೀಡಿ ಒಂದೇ ಕುಟುಂಬದ್ದಾ, ಅಣ್ಣತಮ್ಮ ಪಾಲಾಗಿ ಗಡಿಯ ಆಚೆ ಈಚೆ ಕೂತದ್ದಾ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಕೂತು ನೋಡಿದರೆ ಹಾಗೇ ಕಾಣಬೇಕು. ಹೆಸರಿನಲ್ಲಿ ಪ್ರಾಸ ಉಂಟು, ರಕ್ತಸಂಬಂಧ ಇಲ್ಲ ಮಾರಾಯ್ರೆ. ಒಂದು ಬಾಗಿಲು ಹಾಕಿದ್ದರಿಂದ ಇನ್ನೊಂದು ಹುಟ್ಟಿತು, ಅಷ್ಟೇ ಅವುಗಳ ನಂಟು.

ನಾನು ಮಂಜೇಶ್ವರದ ಕಡೆಯವ. ಉತ್ತರಕ್ಕೆ ತಲಪಾಡಿ ದಾಟಿದರೆ ಕರ್ನಾಟಕ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವವರೆಗೆ ನಾವೂ ಮಂಗಳೂರಿನ ಜಿಲ್ಲೆಯವರೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ಆದರೆ ಬೀಡಿ ಎಲೆಯ ಚೀಲಕ್ಕೆ ಈ ಗಡಿ ಲೆಕ್ಕಕ್ಕೇ ಇರಲಿಲ್ಲ. ಮಂಗಳೂರಿನಿಂದ ಎಲೆ, ತಂಬಾಕು ಬರುತ್ತಿತ್ತು, ಕಟ್ಟಿದ ಬೀಡಿ ಮಂಗಳೂರಿಗೇ ಹೋಗುತ್ತಿತ್ತು. ರೇಷನ್ ಅಂಗಡಿಯ ಬೋರ್ಡು ಮಲಯಾಳಕ್ಕೆ ತಿರುಗಿದ ಮೇಲೂ ಬೀಡಿ ಬ್ರಾಂಚಿನ ಲೆಕ್ಕ ಕನ್ನಡದಲ್ಲೇ.

ಗಣೇಶ ಬೀಡಿಯ ಕಥೆ ಶುರುವಾಗುವುದು 1939ರಲ್ಲಿ, ಎಸ್. ರಘುರಾಮ ಪ್ರಭು ಎಂಬವರ ಬೀಡಿ ವ್ಯಾಪಾರದಿಂದ. ಆಮೇಲೆ ಮಾಧವ ಶೆಣೈ ಪಾಲುದಾರರಾಗಿ ಸೇರಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಎಂಬ ಹೆಸರು ದಕ್ಷಿಣ ಭಾರತದ ಗೂಡಂಗಡಿಗಳಲ್ಲೆಲ್ಲ ಪರಿಚಿತವಾಯಿತು. ಭಾರತ್ ಬೀಡಿಯಂಥ ಬೇರೆ ಮನೆತನದ ಕಂಪನಿಗಳೂ ಇದ್ದವು. ಇವರೆಲ್ಲರ ಕೆಲಸ ತೆಂಕಣಕ್ಕೆ ಕಣ್ಣೂರಿನವರೆಗೆ ಹರಡಿತ್ತು.

ಕಣ್ಣೂರಿನ ಕಡೆ ಬೀಡಿ ಕಟ್ಟುತ್ತಿದ್ದವರಲ್ಲಿ ಹೆಚ್ಚಿನವರು ಗಂಡಸರು. ಒಂದೇ ಶೆಡ್ಡಿನಲ್ಲಿ ಸಾಲಾಗಿ ಕೂತು ಕೆಲಸ. ನಡುವೆ ಒಬ್ಬ ಪೇಪರು ಓದುತ್ತಾನೆ, ಉಳಿದವರು ಕಟ್ಟುತ್ತ ಕೇಳುತ್ತಾರೆ. ಓದಿದವನಿಗೆ ಅಷ್ಟು ಹೊತ್ತಿನ ಕೂಲಿ ನಷ್ಟವಾಗಬಾರದಲ್ಲ, ಅದಕ್ಕೆ ಎಲ್ಲರೂ ತಮ್ಮ ಬೀಡಿಯಲ್ಲಿ ಒಂದಿಷ್ಟು ಅವನ ಪಾಲಿಗೆ ಹಾಕುತ್ತಿದ್ದರು. ಹೀಗೆ ದಿನಾ ರಾಜಕೀಯ ಕೇಳಿದವರು ಯೂನಿಯನ್ ಕಟ್ಟದೆ ಬಿಡುತ್ತಾರಾ? 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಕೆಲಸದ ಹೊತ್ತು, ಸಂಬಳದ ರಜೆ, ಗಾಳಿ ಬೆಳಕು, ಕುಡಿಯುವ ನೀರು ಎಲ್ಲದಕ್ಕೂ ಕಟ್ಟುಪಾಡು. 1968ರಲ್ಲಿ ಕೇರಳ ಸರಕಾರ ಅದನ್ನು ಜಾರಿಗೆ ತರಲು ಹೊರಟಾಗ ಮಂಗಳೂರಿನ ಕಂಪನಿಗಳು ಆ ಕಡೆಯ ಶೆಡ್ಡುಗಳಿಗೆ ಬೀಗ ಹಾಕಿದವು. ಹನ್ನೆರಡು ಸಾವಿರದಷ್ಟು ಜನ ಕೆಲಸ ಕಳಕೊಂಡರು. 1969ರ ಫೆಬ್ರವರಿಯಲ್ಲಿ ಅದೇ ಕಾರ್ಮಿಕರನ್ನು ಸೇರಿಸಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಎದ್ದು ನಿಂತಿತು. ನಿಮ್ಮ ದಿನೇಶ ಹುಟ್ಟಿದ್ದು ಹೀಗೆ. ಯಾರ ಮನೆಯ ಆಸ್ತಿಯೂ ಅಲ್ಲ, ಕಟ್ಟಿದವರದ್ದೇ. ಒಂದು ಕಾಲಕ್ಕೆ ನಲವತ್ತು ಸಾವಿರ ದಾಟಿದ ಬಳಗ ಅದು.

ಆದರೆ ನಮ್ಮ ಮಂಜೇಶ್ವರ, ಉಪ್ಪಳದ ಮನೆಗಳಿಗೆ ಈ ಕಥೆ ಅಷ್ಟಾಗಿ ತಾಗಲಿಲ್ಲ. ಇಲ್ಲಿ ಬೀಡಿ ಕಟ್ಟುವವರು ಹೆಂಗಸರು, ಕಟ್ಟುವ ಜಾಗ ಮನೆಯ ಜಗಲಿ. ಬ್ರಾಂಚು ಎಂದರೆ ಬ್ಯಾಂಕಿನದ್ದೆಂದು ತಿಳಿಯಬೇಡಿ. ಕಂಪನಿಯ ಪರವಾಗಿ ಎಲೆ, ತಂಬಾಕು, ನೂಲು ತೂಗಿ ಕೊಟ್ಟು, ಕಟ್ಟಿದ ಬೀಡಿ ಎಣಿಸಿ ತೆಗೆದುಕೊಳ್ಳುವ ಗುತ್ತಿಗೆದಾರನ ಕೋಣೆ ಅದು. ಸಾವಿರ ಬೀಡಿಗೆ ಹೆಚ್ಚುಕಡಿಮೆ ಅರ್ಧ ಕಿಲೋಗಿಂತ ಮೇಲೆ ಎಲೆ, ಕಾಲು ಕಿಲೋದಷ್ಟು ತಂಬಾಕು. ಎಲೆಯನ್ನು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸುತ್ತಿ ಮೆತ್ತಗಾಗಲು ಬಿಡಬೇಕು. ಆಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸುವುದು. ನಿಜವಾದ ಜಾಣ್ಮೆ ಇಲ್ಲೇ ಇರುವುದು, ಸುರುಟುವುದರಲ್ಲಿ ಅಲ್ಲ. ಎಲೆ ಎಲ್ಲ ಮನೆಗೂ ತೂಕದಲ್ಲಿ ಒಂದೇ, ಆದರೆ ನರ ದಪ್ಪದ್ದು, ತೂತು ಬಿದ್ದದ್ದು ಸಿಕ್ಕಿದರೆ ಸಾವಿರಕ್ಕೆ ಸಾಲುವುದಿಲ್ಲ. ಕಮ್ಮಿ ಬಿದ್ದದ್ದನ್ನು ಸ್ವಂತ ದುಡ್ಡಿನಲ್ಲಿ ತಂದು ತುಂಬಬೇಕು. ನನ್ನ ದೊಡ್ಡಮ್ಮ ಎಲೆಯ ಮೂಲೆಮೂಲೆಯಿಂದ ತುಂಡು ತೆಗೆಯುತ್ತಿದ್ದರು, ಉಳಿದ ಚೂರು ನೋಡಿದರೆ ಜರಡಿಯ ಹಾಗಿರುತ್ತಿತ್ತು.

ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಪಕ್ಕದಲ್ಲಿ ರೇಡಿಯೋ. ನಮ್ಮಲ್ಲಿ ಪೇಪರು ಓದಲು ಯಾರೂ ಇರಲಿಲ್ಲ, ಮಂಗಳೂರು ಆಕಾಶವಾಣಿಯೇ ಎಲ್ಲ. ವಾರ್ತೆ, ಚಿತ್ರಗೀತೆ, ಯಕ್ಷಗಾನ ಕೇಳಿಕೊಂಡೇ ಇಪ್ಪತ್ತೈದರ ಕಟ್ಟು ಒಂದರ ಮೇಲೊಂದು ಏರುತ್ತಿತ್ತು. ಶಾಲೆ ಬಿಟ್ಟು ಬಂದ ಮಕ್ಕಳ ಪಾಲಿಗೆ ಬೀಡಿಯ ತಲೆ ಮಡಚುವ ಕೆಲಸ. ಬ್ರಾಂಚಿನಲ್ಲಿ ಎಣಿಸುವವನು ಒಂದು ಹಿಡಿ ತೆಗೆದು ಸಡಿಲವೆಂದು ಬದಿಗೆ ಎಸೆದರೆ ಅಷ್ಟು ಹೊತ್ತಿನ ಕೆಲಸ ಹೋಯಿತು. ವಾದಿಸಿದರೆ ಮುಂದಿನ ವಾರ ಕೆಟ್ಟ ಎಲೆ ಸಿಗುವ ಭಯ.

ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂಬುದು 1966ರ ಆ ಕಾಯ್ದೆಯಲ್ಲೇ ಇತ್ತು. ಕಂಪನಿಗಳು ಕೋರ್ಟಿಗೆ ಹೋದವು. 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. 1977ರಿಂದ ಬೀಡಿ ಉದ್ಯಮಕ್ಕೆ ಪಿ.ಎಫ್. ಬಂತು, ಅದರ ಮೇಲೂ ಮೊಕದ್ದಮೆ ನಡೆದು 1985ರಲ್ಲಿ ಮುಗಿಯಿತು. ನಮ್ಮ ಊರಿನ ಲೆಕ್ಕದಲ್ಲಿ ಇದು ಗಡಿ ಹೋರಾಟಕ್ಕಿಂತ ದೊಡ್ಡ ಸಂಗತಿ ಎಂದೇ ನಾನು ಹೇಳುತ್ತೇನೆ. ಗದ್ದೆಯಾಗಲಿ ಮನೆಯಾಗಲಿ ತನ್ನ ಹೆಸರಿನಲ್ಲಿಲ್ಲದ ಹೆಂಗಸಿನ ಕೈಗೆ ಅವಳದ್ದೇ ಹೆಸರಿನ ಒಂದು ಪುಸ್ತಕ ಬಂತು. ಹೆಣ್ಣು ನೋಡಲು ಬಂದವರು ಬೀಡಿ ಕಾರ್ಡು ಉಂಟಾ ಎಂದು ಕೇಳುವಷ್ಟಕ್ಕೆ ಅದು ಮುಟ್ಟಿತು. ಕೇಳಿದ್ದು ಸರಿಯಲ್ಲ, ಆದರೆ ಕೇಳುತ್ತಿದ್ದದ್ದು ಸತ್ಯ.

ಇನ್ನು ನೀವು ಕೇಳಿದ ಪಾಲಿನ ವಿಷಯ. ಪಾಲು ಆಯಿತು, ಗಣೇಶದ ಒಳಗೇ ಆಯಿತು. 13 ಪಾಲುದಾರರ ನಡುವೆ ಹೊಂದಾಣಿಕೆ ತಪ್ಪಿ 1987ರ ಡಿಸೆಂಬರಿನಲ್ಲಿ ಪಾಲುದಾರಿಕೆ ಮುರಿಯಿತು. ಮುರಿದರೆ ಏನು ಮಾಡಬೇಕೆಂದು ಅವರ ಪಾಲುದಾರಿಕೆ ಪತ್ರದಲ್ಲೇ ಬರೆದಿತ್ತು: ವ್ಯಾಪಾರವನ್ನು, ಹೆಸರನ್ನು, ಗುರುತನ್ನು ಪಾಲುದಾರರೊಳಗೇ ಹರಾಜು ಹಾಕಿ ಹೆಚ್ಚು ಕೂಗಿದವರಿಗೆ ಕೊಡಬೇಕು. ಕರ್ನಾಟಕ ಹೈಕೋರ್ಟಿನ ಮುಂದೆ ವರ್ಷಗಟ್ಟಲೆ ನಡೆದು, 30 ಕೋಟಿ ಕನಿಷ್ಠ ಬೆಲೆ ಇಟ್ಟಿದ್ದ ಕಂಪನಿ 1994ರಲ್ಲಿ 92 ಕೋಟಿಗೆ ಮೂವರು ಪಾಲುದಾರರ ಗುಂಪಿಗೆ ಹೋಯಿತು. ಅಷ್ಟೂ ವರ್ಷ ವ್ಯಾಪಾರ ನಿಂತಿರಲಿಲ್ಲ. ಹರಾಜಿನಲ್ಲಿ ಕೊಂಡ ಟ್ರೇಡ್‌ಮಾರ್ಕಿಗೆ ಯಂತ್ರಕ್ಕೆ ಕೊಡುವ ಹಾಗೆ ಸವಕಳಿ ಲೆಕ್ಕ ಹಾಕಬಹುದೇ ಎಂದು ಆದಾಯ ತೆರಿಗೆಯವರ ಜೊತೆ ಮತ್ತೊಂದು ಜಗಳ. ಹಾಕಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೆಸರಿಗೂ ಸವಕಳಿ ಉಂಟು ಎಂದಾಯಿತು. ನಲವತ್ತು ವರ್ಷ ಬಗ್ಗಿ ಕೂತ ಬೆನ್ನಿನ ಸವಕಳಿಯನ್ನು ಯಾವ ಲೆಕ್ಕದಲ್ಲಿ ಹಾಕುವುದೋ, ನಮ್ಮ ದೊಡ್ಡಮ್ಮನನ್ನೇ ಕೇಳಬೇಕು.

ತಂಬಾಕು ನಿಮ್ಮಲ್ಲೇ ಬೆಳೆಯುವುದಾ ಎಂಬ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಬೀಡಿಯದ್ದು ಇಲ್ಲಿಯದಲ್ಲ. ನಿಪ್ಪಾಣಿಯಿಂದ, ಗುಜರಾತಿನ ಚರೋತರದಿಂದ ಬರುವಂಥದ್ದು. ಎಲೆ ಮಧ್ಯಪ್ರದೇಶ, ಒಡಿಶಾದ ಕಾಡಿನದ್ದು. ನಿಪ್ಪಾಣಿಯೂ ಗಡಿಯೂರೇ, ಅಲ್ಲಿ ಮರಾಠಿ, ಕನ್ನಡದ ತಕರಾರು. 1981ರಲ್ಲಿ ಒಳ್ಳೆಯ ಬೆಲೆಗಾಗಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ರೈತರು ಅಲ್ಲಿಯ ಹೆದ್ದಾರಿಯಲ್ಲೇ ವಾರಗಟ್ಟಲೆ ಕೂತರು. ಏಪ್ರಿಲ್ 6ರಂದು ಗೋಲಿಬಾರಾಗಿ 12 ರೈತರು ಸತ್ತರು. ಅವರು ಬೆಳೆದದ್ದು ನಮ್ಮ ಜಗಲಿಗೂ ಬರುತ್ತಿತ್ತು, ಆದರೆ ಆ ಸುದ್ದಿ ಇಲ್ಲಿ ಎಷ್ಟು ಜನರ ಕಿವಿಗೆ ಬಿತ್ತೋ ಅನುಮಾನ.

ನಮ್ಮ ಜಿಲ್ಲೆಯ ಸ್ವಂತ ಹೊಗೆಸೊಪ್ಪು ಚಂದ್ರಗಿರಿಯಿಂದ ತೆಂಕಕ್ಕೆ, ಬೇಕಲದ ಬಳಿ ಪಳ್ಳಿಕ್ಕೆರೆಯ ಹೊಯಿಗೆ (ಮರಳು) ಗದ್ದೆಗಳದ್ದು. ಅದು ಎಲೆಯಡಿಕೆಗೆ, ಬೀಡಿಗಲ್ಲ. ಒಂದು ಕಾಲದಲ್ಲಿ ಅಲ್ಲಿ ಮನೆಮನೆಯ ಬೆಳೆ, ಈಗ ಕೆಲವೇ ಕುಟುಂಬಗಳದ್ದು.

ಬೀಡಿಯ ಗತಿಯೂ ಹೆಚ್ಚು ಬೇರೆಯಲ್ಲ. ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು 1999ರಲ್ಲಿ ಕೇರಳ ಹೈಕೋರ್ಟು ನಿಷೇಧಿಸಿತು. ದಿನೇಶದವರು ಅದಕ್ಕೂ ಮೊದಲೇ ದಾರಿ ಬದಲಿಸಲು ತೊಡಗಿದ್ದರು, ಈಗ ಆ ಹೆಸರಿನಲ್ಲಿ ಕೊಡೆ, ಮಸಾಲೆ ಪುಡಿ, ಬಟ್ಟೆ ಎಲ್ಲ ಉಂಟು. ಸಹಕಾರ ಸಂಘಕ್ಕೆ ಅದು ಸಾಧ್ಯವಾಯಿತು. ಒಬ್ಬೊಬ್ಬಳೇ ಜಗಲಿಯಲ್ಲಿ ಕೂತವಳು ಏನಾಗಿ ಬದಲಾಗುವುದು? ಪ್ರಾಯದ ಹುಡುಗಿಯರು ಬೆಳಗ್ಗಿನ ರೈಲಿಗೆ ಮಂಗಳೂರಿನ ಬಟ್ಟೆ ಅಂಗಡಿಗೆ, ಆಸ್ಪತ್ರೆಗೆ ಹೋಗುತ್ತಾರೆ. ತಡ್ಪೆ ಹಿಡಿದವರಲ್ಲಿ ಹೆಚ್ಚಿನವರ ತಲೆ ನರೆತಿದೆ, ಅವರಿಗೆ ವಾರಪೂರ್ತಿ ಕೆಲಸಕ್ಕಾಗುವಷ್ಟು ಎಲೆಯೂ ಸಿಗುವುದಿಲ್ಲ. ನೀವು ಬೇಕಲದ ಕೋಟೆ ನೋಡಲು ಬರುವುದಿದ್ದರೆ ಚಳಿಗಾಲದಲ್ಲೇ ಬನ್ನಿ, ಹೊಗೆಸೊಪ್ಪಿನ ಗದ್ದೆಯೂ ಕಾಣಸಿಗುತ್ತದೆ. ಬೀಡಿ ಕಟ್ಟುವುದನ್ನು ನೋಡಬೇಕೆಂದಿದ್ದರೆ ಮೊದಲೇ ತಿಳಿಸಿ, ನಮ್ಮ ನೆರೆಮನೆಯಲ್ಲಿ ಈಗಲೂ ಕಟ್ಟುತ್ತಾರೆ. ಫೋಟೋ ಮಾತ್ರ ಕೇಳಿಯೇ ತೆಗೆಯಿರಿ.