ಮೈ ಲೈ ಹತ್ಯಾಕಾಂಡವನ್ನು ಬಯಲಿಗೆಳೆದ ಸೀಮೋರ್ ಹರ್ಷ್ ಯುದ್ಧಭೂಮಿಯ ವರದಿಗಾರರಾಗಿದ್ದರೇ?

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಮೈ ಲೈ ಎಂಬ ಹಳ್ಳಿಯ ನಾಗರಿಕರನ್ನು ಕೊಂದ ಸುದ್ದಿಯನ್ನು ಅಮೆರಿಕದ ಪತ್ರಕರ್ತ ಹರ್ಷ್ ಯುದ್ಧಭೂಮಿಯಿಂದ ತಂದರೇ, ಅವರ ಮುಂದಿನ ವೃತ್ತಿಜೀವನ ಹೇಗಿತ್ತು ಎಂದು ಕೇಳಿದ್ದೀರಿ. ಈ ವರದಿಗಾಗಿ ಅವರು ವಿಯೆಟ್ನಾಮಿಗೆ ಹೋಗಲೇ ಇಲ್ಲ. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ ಸಂಗತಿ.

1937ರಲ್ಲಿ ಶಿಕಾಗೋದ ವಲಸಿಗ ಯಹೂದಿ ಕುಟುಂಬದಲ್ಲಿ ಹುಟ್ಟಿದ ಹರ್ಷ್, ನಗರದ ಅಪರಾಧ ಸುದ್ದಿಗಳನ್ನು ಬರೆಯುತ್ತಾ ವೃತ್ತಿಗೆ ಬಂದು, ಮುಂದೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗೆ ಪೆಂಟಗನ್‌ನ, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ, ವರದಿಗಾರರಾದರು. ಅಲ್ಲಿ ಪತ್ರಿಕಾಗೋಷ್ಠಿಗಳನ್ನು ನೆಚ್ಚಿಕೊಳ್ಳದೆ ಅಧಿಕಾರಿಗಳೊಡನೆ ನೇರವಾಗಿ ಮಾತಿಗಿಳಿಯುವುದನ್ನು ರೂಢಿಸಿಕೊಂಡರು.

1969ರ ಅಕ್ಟೋಬರಿನಲ್ಲಿ, ಯಾವ ಪತ್ರಿಕೆಯ ನೌಕರಿಯೂ ಇಲ್ಲದೆ ಸ್ವತಂತ್ರವಾಗಿ ಬರೆಯುತ್ತಿದ್ದಾಗ, ನಾಗರಿಕರನ್ನು ಕೊಂದ ಆರೋಪದ ಮೇಲೆ ಸೇನಾಧಿಕಾರಿಯೊಬ್ಬನ ವಿಚಾರಣೆ ಗುಟ್ಟಾಗಿ ನಡೆಯಲಿದೆ ಎಂಬ ಸುಳಿವು ಅವರಿಗೆ ದೂರವಾಣಿಯಲ್ಲಿ ಸಿಕ್ಕಿತು. ಆರೋಪಿ ವಿಲಿಯಂ ಕ್ಯಾಲಿಯ ವಕೀಲರನ್ನು ಸಾಲ್ಟ್ ಲೇಕ್ ಸಿಟಿಯಲ್ಲಿ ಭೇಟಿಯಾದಾಗ, ಮೇಜಿನ ಆಚೆ ಬದಿಗಿದ್ದ ಆರೋಪಪತ್ರವನ್ನು ತಲೆಕೆಳಗಾಗಿಯೇ ಓದಿ, 109 ಜನರ ಕೊಲೆ ಎಂಬ ಮಾತನ್ನು ಟಿಪ್ಪಣಿ ಮಾಡಿಕೊಂಡರು. ಬಳಿಕ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್ ಸೇನಾನೆಲೆಗೆ ಹೋಗಿ, ದಿನವಿಡೀ ಅಲೆದು, ರಾತ್ರಿ ಕ್ಯಾಲಿಯನ್ನೇ ಹುಡುಕಿ ಮಾತನಾಡಿಸಿದರು. ದೊಡ್ಡ ನಿಯತಕಾಲಿಕೆಗಳು ಹಿಂಜರಿದವು. ಕೊನೆಗೆ ಡಿಸ್ಪ್ಯಾಚ್ ಎಂಬ ಪುಟ್ಟ ಸುದ್ದಿಸಂಸ್ಥೆಯ ಮೂಲಕ ನವೆಂಬರ್ 13ರಂದು ಹತ್ತಾರು ಪತ್ರಿಕೆಗಳಲ್ಲಿ ವರದಿ ಅಚ್ಚಾಯಿತು. 1968ರ ಮಾರ್ಚ್ 16ರಂದು ನಡೆದ ಆ ಹತ್ಯಾಕಾಂಡದಲ್ಲಿ ಸತ್ತವರು ಅಮೆರಿಕದ ಸೇನೆಯ ಲೆಕ್ಕದಲ್ಲಿ 347, ವಿಯೆಟ್ನಾಮಿನ ಲೆಕ್ಕದಲ್ಲಿ 504.

(ಕೀರ್ತಿಯೆಲ್ಲ ಹರ್ಷ್ ಒಬ್ಬರದೇ ಎನ್ನುವುದು ನ್ಯಾಯವಲ್ಲ. ಸಹಸೈನಿಕರಿಂದ ವಿಷಯ ಕೇಳಿದ್ದ ಮಾಜಿ ಸೈನಿಕ ರಾನ್ ರೈಡನ್‌ಅವರ್ 1969ರ ಮಾರ್ಚಿನಲ್ಲೇ ಸಂಸದರಿಗೂ ಪೆಂಟಗನ್‌ಗೂ ಪತ್ರ ಬರೆಯದೆ ಇದ್ದಿದ್ದರೆ ತನಿಖೆಯೇ ಶುರುವಾಗುತ್ತಿರಲಿಲ್ಲ.)

1970ರಲ್ಲಿ ಹರ್ಷ್ ಅವರಿಗೆ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು. 22 ಜನರ ಕೊಲೆಗಾಗಿ ಜೀವಾವಧಿ ಶಿಕ್ಷೆ ಪಡೆದ ಕ್ಯಾಲಿ, ನಾಲ್ಕು ವರ್ಷ ತುಂಬುವ ಮೊದಲೇ, ಅದೂ ಬಹುಪಾಲು ಗೃಹಬಂಧನದಲ್ಲೇ ಕಳೆದು ಹೊರಬಂದ.

ಮುಂದೆ ಹರ್ಷ್ 1974ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಸ್ವದೇಶದ ನಾಗರಿಕರ ಮೇಲೆಯೇ ನಡೆಸಿದ ಬೇಹುಗಾರಿಕೆಯನ್ನೂ, 2004ರಲ್ಲಿ ನ್ಯೂಯಾರ್ಕರ್‌ನಲ್ಲಿ ಇರಾಕಿನ ಅಬು ಘ್ರೈಬ್ ಸೆರೆಮನೆಯ ಚಿತ್ರಹಿಂಸೆಯನ್ನೂ ಬರೆದರು. ಆದರೆ ಬಿನ್ ಲಾಡೆನ್ ಹತ್ಯೆಯ ಬಗೆಗಿನ 2015ರ ಬರಹವನ್ನೂ, ರಷ್ಯಾದಿಂದ ಜರ್ಮನಿಗೆ ಅನಿಲ ಸಾಗಿಸಲು ಹಾಕಿದ ನಾರ್ಡ್ ಸ್ಟ್ರೀಮ್ ಕೊಳವೆಮಾರ್ಗದ ಸ್ಫೋಟದ ಬಗೆಗಿನ 2023ರ ಬರಹವನ್ನೂ ಅನೇಕ ಪತ್ರಕರ್ತರು ಒಪ್ಪಲಿಲ್ಲ. ಆ ಆಕ್ಷೇಪ ನನಗೂ ಸರಿಯೆನಿಸುತ್ತದೆ: ಮೈ ಲೈ ವರದಿಗಳಲ್ಲಿ ಅಲ್ಲಿದ್ದ ಸೈನಿಕರೇ ತಮ್ಮ ಹೆಸರು ಹೇಳಿಕೊಂಡು ಮಾತನಾಡಿದ್ದರು, ನಾರ್ಡ್ ಸ್ಟ್ರೀಮ್ ಬರಹವಾದರೋ ಬಹುಮಟ್ಟಿಗೆ ಹೆಸರಿಲ್ಲದ ಒಬ್ಬನ ಮಾತಿನ ಮೇಲೆಯೇ ನಿಂತಿದೆ.